ಶಾಲೆಯ ಮಕ್ಕಳ ವೈದ್ಯಪರೀಕ್ಷೆ: ಕಂಡವನ ಹೊಣೆ ಎಷ್ಟು?

ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ದಾರಿಯ ಎಡಬಲದ ಸರಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಒಂದು ವಾಹನ ಬಂದು ನಿಲ್ಲುತ್ತದೆ. ಅದರಿಂದ ವೈದ್ಯರು, ಶುಶ್ರೂಷಕಿ, ಔಷಧಗಳ ಲೆಕ್ಕ ನೋಡುವವರು ಇಳಿಯುತ್ತಾರೆ. ಮಕ್ಕಳು ಅಂಗಳದಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ತೂಕ, ಎತ್ತರ, ಹಲ್ಲು, ಕಣ್ಣು, ಕಿವಿ, ಎದೆಯ ಬಡಿತ ಇವೆಲ್ಲವನ್ನೂ ನೋಡಿ ಕಾರ್ಡಿನಲ್ಲಿ ಬರೆಯುತ್ತಾರೆ. ಸಣ್ಣಪುಟ್ಟ ಬೇನೆಗಳಿಗೆ ಅಲ್ಲಿಯೇ ಔಷಧ ದೊರೆಯುತ್ತದೆ. ಅದಕ್ಕೆ ಮೀರಿದುದು ಕಂಡರೆ ಒಂದು ಚೀಟಿ ದೊರೆಯುತ್ತದೆ. ಇಂಥ ಆಸ್ಪತ್ರೆಗೆ ಹೋಗತಕ್ಕದ್ದು ಎಂದು ಆ ಚೀಟಿಯಲ್ಲಿ ಬರೆದಿರುತ್ತದೆ. ಸಾಯಂಕಾಲಕ್ಕೆ ವಾಹನ ಹೊರಟುಹೋಗುತ್ತದೆ, ಧೂಳು ಅಡಗುತ್ತದೆ, ಚೀಟಿ ಮಗುವಿನ ಕೈಯಲ್ಲಿ ಉಳಿಯುತ್ತದೆ.

ಈ ಲೇಖನದ ಪ್ರಶ್ನೆ ಆ ಚೀಟಿಗೆ ಸಂಬಂಧಪಟ್ಟದ್ದು. ಮಗುವಿನ ಬೇನೆಯನ್ನು ತಾನಾಗಿ ಹುಡುಕಿ ಕಂಡವನು, ಕಂಡ ಮೇಲೆ ಎಷ್ಟು ದೂರದವರೆಗೆ ಹೊಣೆಗಾರನು? ಚೀಟಿ ಬರೆದು ಕೊಟ್ಟಲ್ಲಿಗೆ ಅವನ ಕರ್ತವ್ಯ ತೀರಿತೇ, ಅಥವಾ ಅಲ್ಲಿಂದ ಆರಂಭವಾಯಿತೇ? ಇದು ಆಡಳಿತಕ್ಕೆ ಸೇರಿದ ಸಣ್ಣ ವಿಷಯವೆಂದು ಕೆಲವರಿಗೆ ತೋರಬಹುದು. ನನಗೂ ಬಹುಕಾಲ ಹಾಗೆಯೇ ತೋರಿತ್ತು.

ಹಾಗಲ್ಲವೆಂದು ತಿಳಿದದ್ದು ಒಬ್ಬ ಹುಡುಗಿಯಿಂದ. ಮಸ್ಕಿಯ ಸೀಮೆಯ ಒಂದು ಹಳ್ಳಿಯಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ನಾಲ್ಕನೆಯ ತರಗತಿಯಲ್ಲಿ ಆಕೆ ಓದುತ್ತಿದ್ದಳು. ಹಲಗೆಯ ಮೇಲೆ ಬರೆದುದನ್ನು ಪಕ್ಕದವಳ ಪುಸ್ತಕ ನೋಡಿಯೇ ಬರೆದುಕೊಳ್ಳುತ್ತಿದ್ದಳು. ನಾನು ಅದನ್ನು ಸೋಮಾರಿತನವೆಂದು ತಿಳಿದು ಗದರಿಸುತ್ತಿದ್ದೆ. ಆ ವರ್ಷ ಪರೀಕ್ಷೆಗೆ ಬಂದ ವೈದ್ಯರು ಅವಳ ದೃಷ್ಟಿ ಬಹಳ ಮಂದವಾಗಿದೆಯೆಂದು ಕಂಡುಹಿಡಿದು ಚೀಟಿ ಬರೆದರು. ನನ್ನ ತಪ್ಪು ನನಗೆ ತಿಳಿಯಿತು. ಗದರಿಸುವುದನ್ನು ಬಿಟ್ಟು ಮುಂದಿನ ಸಾಲಿನಲ್ಲಿ ಕೂರಿಸಿದೆ. ಚೀಟಿಯನ್ನು ತಾಯಿಗೆ ಮುಟ್ಟಿಸು ಎಂದು ಹೇಳಿದೆ. ನನ್ನ ಪಾಲಿನದು ಮುಗಿಯಿತೆಂದುಕೊಂಡೆ.

ಮರುವರ್ಷ ವಾಹನ ಮತ್ತೆ ಬಂದಿತು. ಅವರು ಮತ್ತೆ ಅದೇ ಹುಡುಗಿಯ ಕಣ್ಣು ನೋಡಿ, ಮತ್ತೆ ಅದನ್ನೇ ಕಂಡು, ಮತ್ತೆ ಅದೇ ಚೀಟಿ ಬರೆದರು. ದಿನಾಂಕವೊಂದು ಮಾತ್ರ ಬೇರೆ. ಸಾಯಂಕಾಲ ಅವಳ ತಾಯಿಯನ್ನು ಕರೆಸಿ ಕೇಳಿದೆ. "ಯಪ್ಪಾ, ಚೀಟಿ ಜ್ವಾಕಿ ಇಟ್ಟೀನ್ರಿ" ಎಂದು ಸೀರೆಯ ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯಾಗಿದ್ದ ಹಿಂದಿನ ವರ್ಷದ ಕಾಗದವನ್ನು ತೆಗೆದು ತೋರಿಸಿದಳು. "ಓದಾಕ ಬರಂಗಿಲ್ರಿ. ಕೂಲಿ ಬಿಟ್ಟು ಹೋಗಬೇಕಂದ್ರ ಆ ದಿನ ಒಲಿ ಹತ್ತಂಗಿಲ್ಲ. ಹೋದ್ರೂ ಯಾರನ್ನ ಕೇಳಬೇಕು, ಎಲ್ಲಿ ನಿಂದರಬೇಕು?" ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ತನ್ನದೇ ಅಪರಾಧವೆಂಬ ದನಿ ಅದರಲ್ಲಿತ್ತು. ಆ ದನಿಯೇ ನನ್ನನ್ನು ಈ ವಿಚಾರಕ್ಕೆ ಹಚ್ಚಿದ್ದು.

ನೋಡಿರಿ: ಪರೀಕ್ಷೆಗೆ ಮೊದಲು ಆ ತಾಯಿ ಮಗಳ ದೃಷ್ಟಿದೋಷವನ್ನು ಅರಿಯಳು, ಅರಿಯದವಳಿಗೆ ದೋಷವಿಲ್ಲ. ಪರೀಕ್ಷೆಯಾದ ಮೇಲೆ ಆಕೆ ಅರಿತವಳಾದಳು; ಅರಿತೂ ಏನೂ ಮಾಡದ ತಾಯಿಯಾದಳು. ಇತ್ತ ಕಂಡುಹಿಡಿದವರ ಪುಸ್ತಕದಲ್ಲಿ "ಹೆಚ್ಚಿನ ಚಿಕಿತ್ಸೆಗೆ ಕಳುಹಿಸಲಾಗಿದೆ" ಎಂಬ ಕಾಲಂ ಭರ್ತಿಯಾಯಿತು. ಅಂದರೆ ಚೀಟಿಯೊಡನೆ ಹೊಣೆಯೂ ಕೈ ಬದಲಾಯಿಸಿತು. ಹೊರಬಲ್ಲವರ ಹೆಗಲಿನಿಂದ ಇಳಿದು ಹೊರಲಾರದವಳ ತಲೆಯ ಮೇಲೆ ಕುಳಿತಿತು. ಕಂಡು ಸುಮ್ಮನಿರುವುದು ಕಾಣದೆ ಇರುವುದಕ್ಕೆ ಸಮವಲ್ಲ, ಅದಕ್ಕಿಂತ ಕೆಟ್ಟದ್ದು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಇದಕ್ಕೆ ಒಂದು ಪ್ರತ್ಯುತ್ತರವುಂಟು. ಬಸ್ಸಿನಲ್ಲಿ ಹೋಗುತ್ತಿರುವ ವೈದ್ಯನೊಬ್ಬನು ಎದುರಿಗೆ ಕುಳಿತ ಮಗುವಿನ ಕೊರಳಿನ ಗಂಟನ್ನು ಕಂಡನೆನ್ನೋಣ. "ಅಮ್ಮಾ, ಇದನ್ನು ತೋರಿಸಿಕೊಳ್ಳಿರಿ" ಎಂದು ಹೇಳಿ ಇಳಿದುಹೋದರೆ ಅವನನ್ನು ನಾವು ಮೆಚ್ಚುತ್ತೇವೆಯೇ ಹೊರತು ಬಯ್ಯುವುದಿಲ್ಲ. ಹಾಗಾದರೆ ಶಾಲೆಗೆ ಬಂದ ವೈದ್ಯರನ್ನು ಕಳುಹಿಸಿದ ಸರಕಾರಕ್ಕೆ ಮಾತ್ರ ಹೆಚ್ಚಿನ ಹೊಣೆಯನ್ನೇಕೆ ಹೊರಿಸಬೇಕು? ಭೇದವಿರುವುದು ಇಲ್ಲಿ: ಬಸ್ಸಿನ ಮಗು ಅವನ ಕಣ್ಣಿಗೆ ತಾನಾಗಿ ಬಿದ್ದದ್ದು. ಶಾಲೆಯ ಮಗುವನ್ನು ನಾವು ಕರೆತಂದು ನಿಲ್ಲಿಸಿದ್ದೇವೆ. 2009ರ ಶಿಕ್ಷಣ ಹಕ್ಕಿನ ಶಾಸನವು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ 6ರಿಂದ 14 ವಯಸ್ಸಿನ ಮಗುವಿನ ವಿದ್ಯೆ ಉಚಿತವೂ ಹೌದು, ಕಡ್ಡಾಯವೂ ಹೌದು. ಮಗುವನ್ನು ಮನೆಯಿಂದ, ಹೊಲದಿಂದ, ತಾಯಿಯ ಮಗ್ಗುಲಿನಿಂದ ಎಬ್ಬಿಸಿ ತಂದವರು, ತಂದ ಮಗುವಿನ ಮೈಗೂ ಸ್ವಲ್ಪ ಬಾಧ್ಯರಾಗಬೇಡವೇ? ಕಣ್ಣು ಕಾಣದವಳನ್ನು ಹಲಗೆಯ ಎದುರಿಗೆ ಐದು ತಾಸು ಕೂರಿಸುವುದು ವಿದ್ಯಾದಾನವೆನಿಸಲಾರದು.

ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರು ಎಣಿಸಿದರು. ಶತಪಥ ಬ್ರಾಹ್ಮಣದಲ್ಲಿ ಮನುಷ್ಯರಿಗೆ ಸಲ್ಲಬೇಕಾದ ನಾಲ್ಕನೆಯ ಋಣವೂ ಹೇಳಿದೆ, ಅದು ಆತಿಥ್ಯದಿಂದ ತೀರತಕ್ಕದ್ದು. ಮಕ್ಕಳನ್ನು ಪಡೆದರೆ ಪಿತೃಋಣ ತೀರಿತು ಎಂದರು. ಪಡೆದ ಮಕ್ಕಳಿಗೆ ನಾವೇನು ತೆರಬೇಕೆಂಬುದು ಆ ಎಣಿಕೆಯಲ್ಲಿ ಪ್ರತ್ಯೇಕವಾಗಿ ಸೇರಲಿಲ್ಲ. ಅತಿಥಿಗೆ ಸಲ್ಲುವಷ್ಟಾದರೂ ಶಾಲೆಯ ಮಗುವಿಗೆ ಸಲ್ಲಬೇಕಲ್ಲವೇ? ಅತಿಥಿ ತಾನಾಗಿ ಬಂದವನು. ಇವನು ನಾವು ಕರೆತಂದವನು.

ಈ ವಿಷಯದ ಚರಿತ್ರೆಯನ್ನು ನೋಡಿದರೆ ಅನ್ಯ ದೇಶಗಳೂ ಇದೇ ಕವಲಿನಲ್ಲಿ ನಿಂತು ತಡವರಿಸಿದ್ದು ಕಾಣುತ್ತದೆ. ಇಂಗ್ಲೆಂಡಿನಲ್ಲಿ ಶಾಲಾ ಬಾಲಕರ ವೈದ್ಯಪರೀಕ್ಷೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಕಡ್ಡಾಯ ಮಾಡಿದ್ದು 1907ರ ಶಾಸನ. ಅದರ ಹಿಂದಿನ ಪ್ರೇರಣೆ ಅಪ್ಪಟ ವಾತ್ಸಲ್ಯವೇನೂ ಆಗಿರಲಿಲ್ಲ. ಬೋಯರ್ ಯುದ್ಧಕ್ಕೆ ಸೈನ್ಯ ಸೇರಬಂದ ಯುವಕರಲ್ಲಿ ಬಹುಮಂದಿ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದುದರಿಂದ ಆ ರಾಜ್ಯಕ್ಕೆ ಗಾಬರಿಯಾಗಿತ್ತು. 1904ರಲ್ಲಿ ಒಂದು ಸಮಿತಿ ಜನರ ದೇಹಕ್ಷಯವನ್ನು ವಿಚಾರಿಸಿ ವರದಿ ಮಾಡಿತ್ತು. ಸಿಪಾಯಿ ಬೇಕಾಗಿದ್ದವರು ಬಾಲಕನ ಕಡೆಗೆ ತಿರುಗಿ ನೋಡಿದರು ಎನ್ನಬೇಕು. ವಿಶೇಷವೇನೆಂದರೆ, ಆ ಶಾಸನವು ಪರೀಕ್ಷೆಯನ್ನು ಕರ್ತವ್ಯವೆಂದು ವಿಧಿಸಿ, ಚಿಕಿತ್ಸೆಯನ್ನು ಬೇಕಾದರೆ ಮಾಡಬಹುದು ಎಂದು ಬಿಟ್ಟಿತು. 1909ರ ಇನ್ನೊಂದು ಶಾಸನವು ಚಿಕಿತ್ಸೆ ಮಾಡಿದರೆ ಅದರ ಖರ್ಚನ್ನು ತಂದೆತಾಯಿಗಳಿಂದ ವಸೂಲು ಮಾಡಬೇಕೆಂದಿತು. ಉಚಿತವಾಗಿ ಕೊಟ್ಟರೆ ತಂದೆತಾಯಿಗಳು ತಮ್ಮ ಹೊಣೆಯನ್ನು ಮರೆಯುವರೆಂಬುದು ಆ ಕಾಲದ ಭಯ. ಆದರೆ ವಿದ್ಯಾಖಾತೆಯ ಮುಖ್ಯಾಧಿಕಾರಿಯಾಗಿದ್ದ ರಾಬರ್ಟ್ ಮೋರಂಟನು, ಮೊದಲು ಪರೀಕ್ಷೆ ನಡೆಯಲಿ, ಕಂಡದ್ದನ್ನು ಕಂಡ ಮೇಲೆ ಚಿಕಿತ್ಸೆಯನ್ನು ಯಾರೂ ತಡೆಯಲಾರರು ಎಂದು ಲೆಕ್ಕ ಹಾಕಿದ್ದನೆಂದು ಇತಿಹಾಸಕಾರರು ಹೇಳುತ್ತಾರೆ. ಅವನ ಲೆಕ್ಕ ತಪ್ಪಲಿಲ್ಲ. ಮಾರ್ಗರೆಟ್ ಮ್ಯಾಕ್‌ಮಿಲನ್ ಎಂಬ ಮಹಿಳೆ 1910ರಲ್ಲಿ ಲಂಡನ್ನಿನ ಡೆಪ್ಟ್‌ಫರ್ಡ್ ಎಂಬ ಬಡವರ ಕೇರಿಯಲ್ಲಿ ಮಕ್ಕಳಿಗಾಗಿಯೇ ಚಿಕಿತ್ಸಾಲಯ ನಡೆಸಿದಳು. 1918ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಚಿಕಿತ್ಸೆಯ ಏರ್ಪಾಡೂ ಕರ್ತವ್ಯವಾಯಿತು. ಕಾಣುವುದಕ್ಕೂ ಮಾಡುವುದಕ್ಕೂ ನಡುವೆ ಹನ್ನೊಂದು ವರ್ಷ ಹಿಡಿಯಿತು.

ನಮ್ಮ ದೇಶದಲ್ಲಿ ಮೊದಲ ಪರೀಕ್ಷೆ 1909ರಲ್ಲಿ ಬರೋಡಾ ನಗರದಲ್ಲಿ ನಡೆಯಿತು. ಬರೋಡೆಯ ಮಹಾರಾಜರಾದ ಸಯಾಜಿರಾವ್ ಗಾಯಕವಾಡರು ತಮ್ಮ ರಾಜ್ಯದಲ್ಲೆಲ್ಲ ಪ್ರಾಥಮಿಕ ವಿದ್ಯೆಯನ್ನು ಕಡ್ಡಾಯ ಮಾಡಿದ್ದು 1906ರಲ್ಲಿ. ಕಡ್ಡಾಯದ ಹಿಂದೆಯೇ ಮಗುವಿನ ಮೈಯ ವಿಚಾರವೂ ಬಂದದ್ದು ಗಮನಿಸತಕ್ಕ ಸಂಗತಿ. ಆದರೆ ಅದು ಹಬ್ಬಲಿಲ್ಲ. 1946ರಲ್ಲಿ ಭೋರ್ ಸಮಿತಿಯು ಶಾಲಾ ಆರೋಗ್ಯ ಸೇವೆ ದೇಶದಲ್ಲಿ ಇಲ್ಲವೆಂದರೂ ನಡೆಯುವಷ್ಟಿದೆಯೆಂದು ಕಂಡಿತು; 1960ರಲ್ಲಿ ನೇಮಕವಾದ ರೇಣುಕಾ ರೇ ಅವರ ಸಮಿತಿ ಮರುವರ್ಷ ವರದಿ ಕೊಟ್ಟಿತು. ವರದಿಗಳಿಗೆ ನಮ್ಮಲ್ಲಿ ಬರವಿಲ್ಲ. ಈಗ ವಾಹನದಲ್ಲಿ ಬರುವ ತಂಡಗಳು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವು. ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು, ಅಂಗನವಾಡಿಯಲ್ಲಿ ವರ್ಷಕ್ಕೆರಡು ಸಲ, ಶಾಲೆಯಲ್ಲಿ ಒಂದು ಸಲ, ಮೂವತ್ತು ಬಗೆಯ ದೋಷ ರೋಗಗಳಿಗಾಗಿ ನೋಡಬೇಕೆಂದು ಅದರ ವಿಧಿ. ಮುಖ್ಯವಾದದ್ದು, ಕಂಡ ರೋಗಕ್ಕೆ ಶಸ್ತ್ರಚಿಕಿತ್ಸೆಯವರೆಗೂ ವೆಚ್ಚವಿಲ್ಲದೆ ಏರ್ಪಾಡು ಮಾಡುವುದು ಅದರ ಸಂಕಲ್ಪದಲ್ಲಿಯೇ ಸೇರಿದೆ. ಇಂಗ್ಲೆಂಡಿನ 1907ರ ಅರ್ಧಮನಸ್ಸು ಇಲ್ಲಿಲ್ಲ. ಹೃದಯದ ರಂಧ್ರಕ್ಕೂ ಸೀಳುತುಟಿಗೂ ಇದರಿಂದ ಚಿಕಿತ್ಸೆ ಪಡೆದು ಬಂದ ಮಕ್ಕಳನ್ನು ನಾನೇ ಬಲ್ಲೆ. ಈ ಕೆಲಸವನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಹಾಗಾದರೆ ನಮ್ಮ ಹುಡುಗಿಯ ಚೀಟಿ ಎರಡು ವರ್ಷ ಸೆರಗಿನ ಗಂಟಿನಲ್ಲಿ ಉಳಿದದ್ದು ಹೇಗೆ? ಚಿಕಿತ್ಸೆ ಇತ್ತು, ಚಿಕಿತ್ಸೆಯ ದಾರಿ ಇರಲಿಲ್ಲ. ಮೂರನೆಯ ವರ್ಷ ನಾನೇ ಒಂದು ದಿನ ರಜೆ ಹಾಕಿ ತಾಯಿಮಗಳಿಬ್ಬರನ್ನೂ ಬಸ್ಸಿನಲ್ಲಿ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಕಣ್ಣಿನ ಪರೀಕ್ಷೆ ಮಾಡುವವರು ಸೌಜನ್ಯದಿಂದಲೇ ನೋಡಿದರು. ಅರ್ಧ ತಾಸು ಹಿಡಿಯಲಿಲ್ಲ. 1976ರಿಂದ ನಡೆದುಬಂದಿರುವ ಅಂಧತ್ವ ನಿವಾರಣೆಯ ಕಾರ್ಯಕ್ರಮದಲ್ಲಿ ಬಡ ಮಕ್ಕಳಿಗೆ ಕನ್ನಡಕ ಉಚಿತ. ಮೂರು ವಾರಕ್ಕೆ ಕನ್ನಡಕ ಶಾಲೆಗೇ ಬಂದಿತು. ಅದನ್ನು ಹಾಕಿಕೊಂಡ ಹುಡುಗಿ ಹಿಂದಿನ ಸಾಲಿಗೆ ಹೋಗಿ ತನ್ನ ಗೆಳತಿಯ ಪಕ್ಕದಲ್ಲಿ ಕುಳಿತುಕೊಂಡಳು. ಮುಂದಿನ ಸಾಲು ಅವಳಿಗೆ ಎಂದೂ ಇಷ್ಟವಿರಲಿಲ್ಲವಂತೆ. ಎರಡು ವರ್ಷದ ಅಡ್ಡಿಯೆಂದರೆ ಇಷ್ಟೆ: ಒಂದು ದಿನದ ಕೂಲಿ, ಮೂವರ ಬಸ್ಸಿನ ದಾರಿ, ಜೊತೆಗೆ ಬರುವ ಒಬ್ಬ ಓದುಬಲ್ಲವನು. ಅದನ್ನು ನಾನು ಮೊದಲ ವರ್ಷವೇ ಮಾಡಬಹುದಾಗಿತ್ತು. ಕಂಡವರಲ್ಲಿ ನಾನೂ ಒಬ್ಬನಾಗಿದ್ದೆನಷ್ಟೆ.

ಇಲ್ಲಿ ತಂದೆತಾಯಿಗಳ ಹೊಣೆಯ ಮಾತು ಮತ್ತೆ ಏಳುತ್ತದೆ. "ಹೆತ್ತವರಿಗಿಲ್ಲದ ಚಿಂತೆ ಊರವರಿಗೇಕೆ" ಎಂದು ಸುಶಿಕ್ಷಿತರ ಮನೆಗಳಲ್ಲಿಯೂ ಕೇಳಿದ್ದೇನೆ. ಹೆತ್ತವರ ಹೊಣೆ ಮೊದಲನೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಹೊಣೆಯೆಂಬುದು ಶಕ್ತಿಯನ್ನು ಬಿಟ್ಟು ನಿಲ್ಲುವ ವಸ್ತುವಲ್ಲ. ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರುಂಟು, ಭತ್ತವುಂಟು. ಲಿಂಗಸುಗೂರಿನ ಕಡೆಗೆ ಏರಿದಂತೆ ಮಳೆಯನ್ನೇ ನಂಬಿದ ಹೊಲಗಳು ಹೆಚ್ಚುತ್ತವೆ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಜನ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುತ್ತಾರೆ; ಮಕ್ಕಳೂ ಹೋಗುತ್ತಾರೆ. ವಾಹನ ಬಂದ ದಿನ ಶಾಲೆಯಲ್ಲಿ ಇಲ್ಲದ ಮಗುವಿನ ಕಾರ್ಡು ಖಾಲಿಯಾಗಿಯೇ ಉಳಿಯುತ್ತದೆ. ಯಾವ ಮಗುವಿನ ಬೇನೆ ಅತಿ ಹೆಚ್ಚೋ ಆ ಮಗುವೇ ಬಹುಶಃ ಅಂದು ಇರುವುದಿಲ್ಲ. ಅಂಥ ತಾಯಿಯ ಮುಂದೆ ಹೊಣೆಗಾರಿಕೆಯ ಉಪನ್ಯಾಸ ಮಾಡುವವರು ಒಂದು ದಿನ ಆಕೆಯ ಬುಟ್ಟಿಯನ್ನು ಹೊತ್ತು ನೋಡಲಿ.

ಇನ್ನು ಕೆಲವು ಬೇನೆಗಳಿಗೆ ಚೀಟಿಯೇ ನಿಷ್ಪ್ರಯೋಜಕ. ಈ ಸೀಮೆಯ ಎಷ್ಟೋ ಊರುಗಳಲ್ಲಿ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆಗಳು ಕಾಣುತ್ತವೆ. ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಹೆಚ್ಚೆಂಬುದು ತಿಳಿದ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನಷ್ಟಿದ್ದರೆ ಸಾಕು, ಬೇರೆ ನೀರಿಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎಂದು ನಮ್ಮ ದೇಶದ ಮಾನಕ. ಅದಕ್ಕೆ ಮೀರಿದ ನೀರನ್ನು ಬಾಲ್ಯದಲ್ಲಿ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಕುಡಿದರೆ ಹಲ್ಲಿನ ಹೊರಪದರ ಕೆಡುತ್ತದೆ. ಕೆಟ್ಟದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಹಾಗೆಯೇ ವರ್ಷಗಟ್ಟಲೆ ಕುಡಿಯುತ್ತ ಹೋದರೆ ಎಲುಬು ಸಂದುಗಳೂ ಬಿಗಿಯುತ್ತವೆ. ವೈದ್ಯರು ಶಾಲೆಯಲ್ಲಿ ಆ ಹಲ್ಲನ್ನು ಕಾಣುತ್ತಾರೆ, ಬರೆದುಕೊಳ್ಳುತ್ತಾರೆ. ಇದಕ್ಕೆ ಯಾವ ಮಾತ್ರೆಯನ್ನು ಕೊಡಬೇಕು? ಇದರ ಔಷಧ ಇರುವುದು ಆಸ್ಪತ್ರೆಯಲ್ಲಲ್ಲ, ಊರ ನೀರಿನ ನಲ್ಲಿಯಲ್ಲಿ. ಕಂಡದ್ದು ಆರೋಗ್ಯ ಇಲಾಖೆ, ಮಗು ಇರುವುದು ವಿದ್ಯಾ ಇಲಾಖೆಯಲ್ಲಿ, ನೀರು ಇರುವುದು ಗ್ರಾಮ ಪಂಚಾಯತಿಯಲ್ಲಿ. ಮೂವರೂ ಸಜ್ಜನರೇ ಆಗಿದ್ದು ಮೂವರೂ ತಮ್ಮ ಕಾಗದವನ್ನು ಸರಿಯಾಗಿ ಬರೆದಿಟ್ಟರೂ, ತಂಗಿಯ ಹಲ್ಲು ಅಕ್ಕನ ಹಲ್ಲಿನಂತೆಯೇ ಮೂಡಬಹುದು. ಅಕ್ಕನ ಹಲ್ಲನ್ನು ಪರೀಕ್ಷಿಸಿದ್ದರ ಫಲ ತಂಗಿಗಾದರೂ ದೊರೆಯಬೇಕು. ಹಾಗಾಗದಿದ್ದರೆ ಆ ಪರೀಕ್ಷೆ ಯಾರಿಗಾಗಿ ನಡೆಯಿತು?

ಆಹಾರದ ಮಾತೂ ಹೀಗೆಯೇ. ಮಕ್ಕಳ ಅಪೌಷ್ಟಿಕತೆಯ ಪ್ರಶ್ನೆ ಉಚ್ಚ ನ್ಯಾಯಾಲಯದ ಮುಂದೆ ಬಂದು 2012ರಲ್ಲಿ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಿದ ಕಾಲದಲ್ಲಿ ನಮ್ಮ ಜಿಲ್ಲೆಯ ಹೆಸರು ನಾಡಿನಲ್ಲೆಲ್ಲ ಕೇಳಿಬಂದದ್ದನ್ನು ವಾಚಕರು ಮರೆತಿರಲಾರರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5 ಮಂದಿಗೆ ರಕ್ತಹೀನತೆಯಿದ್ದುದು ಕಂಡಿತು. ಆ ಮಕ್ಕಳೇ ಮುಂದೆ ಶಾಲೆಗೆ ಬರುವವರು. 2002ರಲ್ಲಿ ಈ ಭಾಗದ ಜಿಲ್ಲೆಗಳಿಂದಲೇ ಆರಂಭವಾದ ಅಕ್ಷರ ದಾಸೋಹದ ಅನ್ನ, 2013ರಿಂದ ಹಾಲು, ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ, ಜಂತುಹುಳುವಿನ ಮಾತ್ರೆ ಇವೆಲ್ಲವೂ ಚಿಕಿತ್ಸೆಯೇ. 2021ರ ಡಿಸೆಂಬರಿನಲ್ಲಿ ಈ ಭಾಗದ ಶಾಲೆಗಳಲ್ಲಿ ಮೊಟ್ಟೆಯನ್ನೂ, ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲಾರಂಭಿಸಿದಾಗ ಎದ್ದ ವಾದವಿವಾದದಲ್ಲಿ ನಾನು ಇಲ್ಲಿ ಪ್ರವೇಶಿಸುವುದಿಲ್ಲ. ಒಂದು ಮಾತು ಮಾತ್ರ: ತಕ್ಕಡಿಯ ಮೇಲೆ ನಿಲ್ಲಿಸಿ ಕಡಿಮೆ ತೂಕವೆಂದು ಬರೆದುಕೊಂಡವರು, ಅದೇ ಮಗುವಿನ ತಟ್ಟೆಯಲ್ಲಿ ಏನಿರಬೇಕೆಂದು ವಾದಿಸುತ್ತ ಬಹಳ ಹೊತ್ತು ಕಳೆಯಬಾರದು.

ಕಾಣುವ ರೀತಿಗೂ ಒಂದು ಧರ್ಮವುಂಟು. ಸಾಲಿನಲ್ಲಿ ನಿಂತ ಮಗುವಿನ ತಲೆಯಲ್ಲಿ ಹೇನಿದೆಯೆಂದು ಎಲ್ಲರಿಗೂ ಕೇಳುವಂತೆ ಹೇಳುವುದು, ದೊಡ್ಡ ಹುಡುಗಿಯರನ್ನು ಹುಡುಗರ ಎದುರಿನಲ್ಲಿಯೇ ಅವರ ಮೈಯ ವಿಷಯ ಪ್ರಶ್ನಿಸುವುದು, ತೂಕವನ್ನು ಕೂಗಿ ಬರೆಸುವುದು ಇವು ಸಣ್ಣ ಅಪರಾಧಗಳಲ್ಲ. ತಂಡದಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಹೀಗೆ ಇಬ್ಬರು ವೈದ್ಯರಿರಬೇಕೆಂದು ವಿಧಿಸಿರುವುದು ಈ ಸಂಕೋಚವನ್ನು ಅರಿತೇ ಇರಬೇಕು. ಆದರೆ ಮರೆಯಾದ ಒಂದು ಕೋಣೆಯನ್ನು ಒದಗಿಸುವುದು ಶಾಲೆಯ ಕೆಲಸ. ಒಂದು ಹಳೆಯ ಸೀರೆಯನ್ನು ಅಡ್ಡ ಕಟ್ಟಿದರೂ ಸಾಕು. ನನ್ನ ಶಾಲೆಯಲ್ಲಿ ಅದನ್ನು ಕಟ್ಟಿಸಿದ್ದು ಅಡಿಗೆಯಾಕೆ, ನಮಗಾರಿಗೂ ಹೊಳೆದಿರಲಿಲ್ಲ.

ಕೊನೆಯ ಆಕ್ಷೇಪವೊಂದಿದೆ, ನನಗೆ ಕಠಿನವಾಗಿ ತೋರುವುದು ಇದೇ. ಕಂಡರೆ ಹೊಣೆ ಬೀಳುವುದಾದರೆ, ಅಧಿಕಾರಿಗಳು ಕಾಣದಿರುವುದೇ ಜಾಣತನವೆಂದು ಬಗೆಯಲಾರರೇ? ಕಣ್ಣು ಮುಚ್ಚಿದವನಿಗೆ ಋಣವಿಲ್ಲವೆಂದಾದರೆ ಲೋಕವೆಲ್ಲ ಕಣ್ಣು ಮುಚ್ಚೀತು. ಆದರೆ ಕಾಣುವ ಅಧಿಕಾರವನ್ನೂ ಉಪಕರಣವನ್ನೂ ಪಡೆದವನಿಗೆ ಕಾಣದಿರುವ ಸ್ವಾತಂತ್ರ್ಯವಿಲ್ಲ. ಮಸ್ಕಿಯ ಬಂಡೆಯ ಮೇಲೆ, 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನ ಕಣ್ಣಿಗೆ ಬಿದ್ದ ಶಾಸನದಲ್ಲಿ, ಅಶೋಕನ ಹೆಸರು ಸ್ಪಷ್ಟವಾಗಿ ಬರೆದಿದೆ. ಆ ಅರಸನೇ ತನ್ನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನೂ, ಔಷಧದ ಗಿಡಗಳಿಲ್ಲದೆಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ, ದಾರಿಯಲ್ಲಿ ಬಾವಿಗಳನ್ನು ತೋಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಅದರ ಪ್ರತಿ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಗಿಡವಿಲ್ಲದೆಡೆಗೆ ಗಿಡವನ್ನು ತರಿಸಿದನೆಂಬ ಆ ಒಂದು ವಿವರ ನನಗೆ ಬಹಳ ಹಿಡಿಸುತ್ತದೆ. ರೋಗಿಯನ್ನು ಗಿಡವಿದ್ದಲ್ಲಿಗೆ ನಡೆದು ಹೋಗು ಎನ್ನಲಿಲ್ಲ.

ನಮ್ಮ ಜಿಲ್ಲಾ ಆಸ್ಪತ್ರೆಯಿರುವ ರಾಯಚೂರು ಸಿಂಧನೂರಿಗೂ ಲಿಂಗಸುಗೂರಿಗೂ ಎಂಬತ್ತು ತೊಂಬತ್ತು ಕಿಲೋಮೀಟರು. ಸಂವಿಧಾನದ ಹನ್ನೊಂದನೆಯ ಅನುಸೂಚಿ ಪಂಚಾಯತಿಗಳಿಗೆ ಎಣಿಸಿಕೊಟ್ಟ ಇಪ್ಪತ್ತೊಂಬತ್ತು ವಿಷಯಗಳಲ್ಲಿ ವಿದ್ಯೆಯೂ ಇದೆ, ಆರೋಗ್ಯವೂ ಇದೆ, ಕುಡಿಯುವ ನೀರೂ ಇದೆ. ಹಣವೂ ವೈದ್ಯರೂ ಇಲಾಖೆಗಳಲ್ಲಿಯೇ ಉಳಿದಿರುವುದು ನಿಜ. ಆದರೆ ತಾಯಿಮಗುವನ್ನು ಆಸ್ಪತ್ರೆಗೆ ಮುಟ್ಟಿಸಿ ಮರಳಿ ತರುವ ಬಾಡಿಗೆ, ಜೊತೆಗೊಬ್ಬ ಮನುಷ್ಯ, ಇಷ್ಟಕ್ಕೆ ಯಾವ ಮಹಾ ಮಂಜೂರಾತಿಯೂ ಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ. ಇಂಥ ಮಗುವಿಗೆ ಇಂಥ ದಿನ ಚೀಟಿ ಕೊಟ್ಟಿತು, ಇಂಥ ದಿನ ಚಿಕಿತ್ಸೆಯಾಯಿತು ಎಂದು ಎರಡು ಕಾಲಂಗಳ ಒಂದು ಪುಸ್ತಕವನ್ನು ಪ್ರತಿಯೊಂದು ಪಂಚಾಯತಿಯೂ ಇಡಲಿ. ಎರಡನೆಯ ಕಾಲಂ ಖಾಲಿಯಿರುವ ಹೆಸರನ್ನು ಮುಂದಿನ ಸಭೆಯಲ್ಲಿ ವಿಚಾರಿಸಲಿ.

ಕಳೆದ ಸಲ ನಮ್ಮೂರಿನ ಮಕ್ಕಳ ಗ್ರಾಮಸಭೆಗೆ ಹೋಗಿದ್ದೆ. ಮಕ್ಕಳು ಶೌಚಾಲಯದ ಬಾಗಿಲನ್ನು ಕೇಳಿದರು, ಆಟದ ಬಯಲನ್ನು ಕೇಳಿದರು, ಶುದ್ಧ ನೀರಿನ ಯಂತ್ರ ಎಂದು ರಿಪೇರಿಯಾಗುವುದೆಂದು ಒಬ್ಬ ಪುಟ್ಟ ಹುಡುಗ ನಿಂತು ಕೇಳಿದ. ಚೀಟಿಗಳ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ವರ್ಷ ಹೊರಟ ಚೀಟಿಗಳೆಷ್ಟು, ಚಿಕಿತ್ಸೆಯಾಗಿ ಮರಳಿದವೆಷ್ಟು ಎಂದು ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ ಬರೆದಿಟ್ಟುಕೊಂಡಿದ್ದೇನೆ. ಮುಂದಿನ ಸಭೆ ನವೆಂಬರಿನಲ್ಲಿ.